ರೇವಣಸಿದ್ದನ ತವರುಮನೆ

ರೇವಣಸಿದ್ದ ಸಬ್ ಇನ್ಸ್‌ಪೆಕ್ಟರ್ ನೌಕರಿಗೆ ರಾಜೀನಾಮೆ ಕೊಟ್ಟ ಸುದ್ದಿ ರಾಯಚೂರಿನಿಂದ ಅವನ ತಂದೆ-ತಾಯಿ ಇರುವ ದೇವದುರ್ಗಕ್ಕೆ ಒಂದೇ ಮಧ್ಯಾಹ್ನದಲ್ಲಿ ಮುಟ್ಟಿತು. ಸುದ್ದಿಯ ಬೆನ್ನಿಗೆ ಕಾರಣಗಳೂ ಮುಟ್ಟಿದವು. ಮರಳಿನ ಲಾರಿಯವರ ಹತ್ತಿರ ತಿಂದು ಸಿಕ್ಕಿಬಿದ್ದಿದ್ದಾನೆ ಎಂದು ಕೆಲವರು ಹೇಳಿದರು. ದೊಡ್ಡ ರೋಗ ಬಂದಿದೆ, ಮುಚ್ಚಿಡುತ್ತಿದ್ದಾನೆ ಎಂದು ಉಳಿದವರು ಹೇಳಿದರು. ಎರಡು ವರ್ಷದ ಮಗಳನ್ನು ಮನೆಯಲ್ಲಿ ಕೂತು ಬೆಳೆಸಲು ಬಿಟ್ಟ ಎಂಬುದನ್ನು ಮಾತ್ರ ಯಾರೂ ನಂಬಲಿಲ್ಲ, ಅದನ್ನು ಅವನೇ ಬಾಯಿಬಿಟ್ಟು ಹೇಳಿದ್ದರೂ. ಹುಟ್ಟೂರು ಅರಕೇರಾದ ಕುರಿಗಾರರ ಓಣಿಯಿಂದ ಹೋಗಿ ಭುಜಕ್ಕೆ ಸ್ಟಾರ್ ಹಚ್ಚಿಕೊಂಡವನು ಅವನೊಬ್ಬನೇ. ಅಂಥವನು ಸುಮ್ಮನೆ ಬಿಡುವುದಿಲ್ಲ.

ಅವನ ಹೆಂಡತಿ ಮಲ್ಲೇಶ್ವರಿ ವಿದ್ಯುತ್ ಇಲಾಖೆಯಲ್ಲಿ ಜೂನಿಯರ್ ಎಂಜಿನಿಯರ್. ಗಾಳಿ ಬೀಸಿ ಕಂಬ ಬಿದ್ದರೆ ಅರ್ಧ ರಾಯಚೂರು ಅವಳ ಫೋನಿಗೇ ಬೈಯುತ್ತದೆ. ಅವನದು ಬಂದೋಬಸ್ತಿನ ಕೆಲಸ. ಇಂದು ಮಾನ್ವಿ, ನಾಳೆ ಕವಿತಾಳ, ಮನೆಗೆ ಬರುವ ಹೊತ್ತು ಅವನ ಕೈಯಲ್ಲಿಲ್ಲ. ಮಗಳು ಭುವಿಯನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯ ಇಮಾಮ್ ಬೀ. ಇಮಾಮ್ ಬೀ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಂಚ ಹಿಡಿದಾಗ ರೇವಣಸಿದ್ದ ರಜೆ ಹಾಕಿ ಮನೆಯಲ್ಲಿ ಉಳಿದ.

ಆ ರಜೆಯಲ್ಲಿ ಅವನಿಗೆ ಜ್ಞಾನೋದಯವೇನೂ ಆಗಲಿಲ್ಲ. ಉಣಿಸಿದ, ತೊಳೆದ, ಮಲಗಿಸಿದ. ಬಹಳ ಹೊತ್ತು ಬೇಸರವೇ ಬಂತು. ಕೂಸು ಒಂದು ಚಮಚವನ್ನು ಬಕೆಟ್ಟಿಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದರೆ ಇಡೀ ಮಧ್ಯಾಹ್ನ ನೋಡುತ್ತ ಕೂತ. ರಜೆ ಮುಗಿದ ದಿನ ಅವನು ಬೂಟು ಹಾಕಿಕೊಳ್ಳುತ್ತಿರುವಾಗ ಭುವಿ ಇನ್ನೊಂದು ಬೂಟನ್ನು ಎಳೆದುಕೊಂಡು ಹೋಗಿ ಮಂಚದ ಕೆಳಗೆ ತಳ್ಳಿ, ಅದರ ಮುಂದೆ ಕೂತಳು. ಅಳಲಿಲ್ಲ, ದಾರಿ ಕಟ್ಟಿ ಕೂತಳು ಅಷ್ಟೆ. ಅವನು ಅವಳನ್ನು ಎತ್ತಿ ಪಕ್ಕಕ್ಕಿಟ್ಟು, ಬೂಟು ತೆಗೆದುಕೊಂಡು ಠಾಣೆಗೆ ಹೋದ. ಕೂಸನ್ನು ಮತ್ತೆ ಇಮಾಮ್ ಬೀ ಹತ್ತಿರ ಬಿಟ್ಟು ಒಂದು ತಿಂಗಳು ಹೋದ. ಆಮೇಲೆ ಕಾಗದ ಬರೆದು ಕೊಟ್ಟ.

ಕೊಡುವ ಮೊದಲು ಮಲ್ಲೇಶ್ವರಿಗೆ ಹೇಳಿದ್ದ. ಅವಳು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ನೀ ಬಿಟ್ರ ಬೈಸ್ಕೊಳ್ಳಾಕಿ ನಾನು. ಪಿಎಸ್ಐನ ತಂದು ಮನ್ಯಾಗ ಕುಂದ್ರಿಸ್ಯಾಳ ಅಂತಾರ."

"ಅನ್ನಲಿ. ನೀ ಕಂಬ ಏರೋದು ಬಿಡಬ್ಯಾಡ."

"ನಾ ಎಲ್ಲಿ ಏರ್ತೀನಿ? ಲೈನ್‌ಮನ್ ಏರ್ತಾನ."

"ಮತ್ತ ಕೆಳಗ ನಿಂತು ಒದರು. ಅದು ನಿನಗ ಚಲೋ ಬರ್ತದ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅರ್ಧಕ್ಕ ಕೈ ಬಿಡಬ್ಯಾಡ ಮತ್ತ. ಬಿಟ್ರ ಇಬ್ರದೂ ಹೋಗ್ತದ," ಎಂದಳು.

ರಾಜೀನಾಮೆ ಇನ್ನೂ ಮಂಜೂರಾಗಿರಲಿಲ್ಲ. ಆಗುವ ತನಕ ವಾಪಸ್ ತೆಗೆದುಕೊಳ್ಳಬಹುದು. ಮನೆಯವರೆಲ್ಲ ಜೋತುಬಿದ್ದದ್ದು ಅದಕ್ಕೇ. ಕೂಸನ್ನು ಅವನ ಕೈಯಿಂದ ತೆಗೆದುಬಿಟ್ಟರೆ ಮನೆಯಲ್ಲಿ ಕೂರಲು ಅವನಿಗೆ ನೆವ ಇರುವುದಿಲ್ಲ, ತಾನಾಗಿ ಠಾಣೆಗೆ ಹೋಗುತ್ತಾನೆ ಎಂಬುದು ಅವನ ತಾಯಿ ಬಾಲಮ್ಮನ ಲೆಕ್ಕ. ಅದನ್ನು ಹೇಳಲೆಂದೇ ಅವಳು ಗಂಡ ಹನುಮಂತ್ರಾಯನನ್ನು ಕರೆದುಕೊಂಡು ದೇವದುರ್ಗದ ಮೊದಲ ಬಸ್ಸಿಗೆ ರಾಯಚೂರಿಗೆ ಬಂದಳು. ಮಗ ಬಚ್ಚಲ ಬಾಗಿಲಲ್ಲಿ ಕೂತು ಭುವಿಯನ್ನು ಒರೆಸುತ್ತಿದ್ದ.

"ಗಂಡಸು ಕೂಸಿನ ಕುಂಡಿ ತೊಳೀತಾನೇನೋ?"

"ಈಗ ತೊಳದೆ ನೋಡಬೇ. ಜರಾ ಆ ಅಂಗಿ ಕೊಡು."

ಬಾಲಮ್ಮ ಅಂಗಿ ಕೊಡಲಿಲ್ಲ. "ದೇವದುರ್ಗದಾಗ ಮನಿ ಮ್ಯಾಲ ನಿನ್ನ ಹೆಸರು ಕೆತ್ತಿಸೀವಿ. ಹೆಸರಿನ ಮುಂದ ಪಿಎಸ್ಐ ಅಂತ ಅದ. ಅದು ಕಲ್ಲು. ಹೆಂಗ ಅಳಸ್ಲಿ?"

"ಬಿಡು, ಇರಲಿ. ಓದಿದವರು ಓದ್ಲಿ."

"ಕೂಸ ನನಗ ಕೊಡು. ಏಳು ಹಡದಾಕಿ ನಾನು. ಒಂದು ಕೂಸ ನೋಡಾಕ ಬರಂಗಿಲ್ಲೇನು ನನಗ? ನೀ ಟೊಪಿಗಿ ಹಾಕ್ಕೊಂಡು ನಡಿ."

"ನೋಡಾಕ ಬರ್ತದ ನಿನಗ. ಆದ್ರ ಮಗಳು ನಂದು. ನಾ ನೋಡ್ತೀನಿ."

"ತಾಯಿ ಎದಕ್ಕ ಅದಾಳ ಮತ್ತ? ಆಕಿ ಬಿಡಲಿ ನೌಕರಿ!"

"ಆಕಿಗಿ ಆಕಿ ನೌಕರಿ ಸೇರ್ತದ. ನನಗ ನಂದು ಸಾಕಾಗ್ಯದ."

ಹನುಮಂತ್ರಾಯ ಹೊಸ್ತಿಲ ಹತ್ತಿರ ಕೂತು ಎಲೆ-ಅಡಿಕೆ ಹಾಕಿಕೊಂಡಿದ್ದ. ಕುರಿ ಹಿಂಡಿನ ಹಿಂದೆ ಆಯುಷ್ಯ ಕಳೆದವನು, ಮನುಷ್ಯರ ಜೊತೆ ಮಾತು ಕಡಿಮೆ. ರೇವಣಸಿದ್ದ ಅವನ ಕಡೆ ತಿರುಗಿದ.

"ಯಪ್ಪಾ, ನೀ ಹೇಳು. ಅಡವ್ಯಾಗ ಕುರಿ ಈದ್ರ ಮರಿ ಕಂಬಳ್ಯಾಗ ಸುತ್ತಿ ಎದಿಗಿ ಇಟ್ಕೊಂಡು ನಡದಾಂವ ನೀನು. ಬಾಟ್ಲಿಲೆ ಹಾಲು ಕುಡಿಸೀದಿ. ಆವಾಗ ಯಾರರ ನಿನಗ ಹೆಂಗಸು ಅಂದ್ರೇನು?"

ಹನುಮಂತ್ರಾಯ ಹೊರಗೆ ಹೋಗಿ ಉಗುಳಿ ಬಂದು ಕೂತ. "ಕುರಿ ಮಾರಿದ್ರ ರೊಕ್ಕ ಬರ್ತಾವಲೇ. ಇದನ್ನ ಮಾರ್ತಿ ಏನು?"

ರೇವಣಸಿದ್ದ ತಾನೇ ಎದ್ದು ಹೋಗಿ ಅಂಗಿ ತಂದ. ಭುವಿಗೆ ಅಂಗಿ ತೊಡಿಸಿದ.

ಹೊರಡುವಾಗ ಬಾಲಮ್ಮ ಕೊನೆಯ ಮಾತು ಹೇಳಿದಳು. "ಸೋಮವಾರ ಮಾನ್ವ್ಯಾಗ ನಿಮ್ಮ ಸೋದರಮಾವನ ಮೊಮ್ಮಗನ ಜವಳ ಅದ. ಮಂದಿ ಕೂಡ್ತದ. ಅಲ್ಲಿಗಿ ಬಾ. ನಿಮ್ಮ ಮಾವ ಹೇಳಿದ ಮ್ಯಾಲ ಕೂಸ ನನ್ನ ಜೋಡಿ ಬರ್ತದ."

"ಜವಳಕ್ಕ ಬರ್ತೀನಿ," ಎಂದ ಅವನು.

ಸಂಜೆ ಮಲ್ಲೇಶ್ವರಿಗೆ ಇದು ಸರಿಬರಲಿಲ್ಲ. ಸೋಮವಾರ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸುವುದಿತ್ತು, ಅವಳು ಹೋಗುವಂತಿರಲಿಲ್ಲ. "ನೀ ಒಬ್ಬನ ಹೋಗ್ತಿ. ಅಲ್ಲಿ ನೂರು ಮಂದಿ. ಯಾಕ ಬೇಕು?"

"ಹೋಗದಿದ್ರ ನಾಚಿಕಿಗಿ ಮಾರಿ ಮುಚ್ಕೊಂಡಾನ ಅಂತಾರ. ನಾ ಏನ್ ಕಳ್ಳತನ ಮಾಡೀನೇನು?"

"ನಿಮ್ಮವ್ವ ಭುವಿದು ಎರಡು ಅಂಗಿ ಚೀಲದಾಗ ಹಾಕ್ಕೊಂಡು ಹೋಗ್ಯಾಳ. ಕಪಾಟಿನ್ಯಾಗ ಇಲ್ಲ. ಕೂಸ ಕೊಟ್ಟು ಬಂದ್ರ ನೀನೂ ಅಲ್ಲೇ ಇದ್ದುಬಿಡು, ಬರಬ್ಯಾಡ."

ಅವಳು ಅದನ್ನು ನಗದೆ ಹೇಳಿದಳು.

ಸೋದರಮಾವ ಮಾಳಿಂಗರಾಯನಿಗೆ ಮಾನ್ವಿಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಬೀರದೇವರ ಗುಡಿ ಕಮಿಟಿಗೆ ಅವನೇ ಅಧ್ಯಕ್ಷ. ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದ. ರೇವಣಸಿದ್ದ ಮುಟ್ಟುವ ಹೊತ್ತಿಗೆ ಮೊಮ್ಮಗನ ತಲೆ ಬೋಳಾಗಿ, ಗಂಧ ಹಚ್ಚಿ, ಊಟದ ಪಂಕ್ತಿ ಹಾಕಿದ್ದರು. ಅವನು ಗಂಡಸರ ಸಾಲಿನಲ್ಲಿ ಕೂತ, ತೊಡೆಯ ಮೇಲೆ ಭುವಿ. ಹೋಳಿಗೆ ಕಿವುಚಿ ಹಾಲು ಹಾಕಿ ಉಣಿಸಿದ. ಅವಳು ಅರ್ಧ ನುಂಗಿ ಅರ್ಧವನ್ನು ಅವನ ಅಂಗಿಯ ಮೇಲೆ ಬಿಟ್ಟಳು. ಅಕ್ಕಪಕ್ಕದವರು ತಮ್ಮ ಎಲೆ ನೋಡುತ್ತ ಉಂಡರು. ಹೋದ ವರ್ಷ ಇದೇ ಮನೆಯ ಮದುವೆಗೆ ಅವನು ಯೂನಿಫಾರ್ಮಿನಲ್ಲಿ ಬಂದಾಗ ಕುರ್ಚಿ ಒರೆಸಿ ಕೊಟ್ಟವರೂ ಅವರಲ್ಲಿದ್ದರು.

ಮಾಳಿಂಗರಾಯ ಕೈ ತೊಳೆದು ಬಂದು ಎದುರಿಗೆ ನಿಂತ. "ಏನೋ ಅಳಿಯಾ, ಡ್ಯೂಟಿ ಮ್ಯಾಲ ಇದ್ದಂಗ ಅದ."

"ಹೌದು ಮಾವ. ಡ್ಯೂಟಿನ."

"ನಾಳಿ ನನ್ನ ಲೋಡ್ ಗಾಡಿ ಹಿಡಿದ್ರ ಯಾರಿಗಿ ಫೋನ್ ಹಚ್ಚಲಿ ನಾನು?"

"ಕಾಗದಪತ್ರ ಬರೋಬ್ಬರಿ ಇಟ್ಕೊ. ಯಾರಿಗೂ ಹಚ್ಚೋದು ಬೀಳಂಗಿಲ್ಲ."

ಇಬ್ಬರು ಕಿಸಕ್ಕೆಂದರು. ಮಾಳಿಂಗರಾಯನ ಮುಖ ಬಿಗಿಯಿತು. ಮಂದಿಯ ಮುಂದೆ ಅಳಿಯನನ್ನು ಬಗ್ಗಿಸುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಿದ್ದ. ಬುದ್ಧಿ ಹೇಳುವುದು ನಡೆಯುವುದಿಲ್ಲ ಎಂದು ಅವನಿಗೆ ಆಗಲೇ ಗೊತ್ತಾಗಿರಬೇಕು. ಪಡಸಾಲೆಯ ಕಡೆ ನೋಡಿದ. ಅಲ್ಲಿ ಅವನ ಹೆಂಡತಿ ಯಮನಮ್ಮ ಹೆಣ್ಣುಮಕ್ಕಳ ಉಡಿ ತುಂಬುತ್ತಿದ್ದಳು. ಬಂದುಹೋಗುವ ನೆಂಟರದು ಮುಗಿದು, ಈಗ ಅವಳ ಸ್ವಂತ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ಕೊನೆಯವಳು ನಾಗರತ್ನಾ ಎದ್ದಳು.

"ಏ, ಜಮಖಾನ ತೆಗೀಬ್ಯಾಡ," ಎಂದು ಮಾಳಿಂಗರಾಯ ಕೂಗಿದ. "ಇನ್ನೊಬ್ಬಾಕಿ ಉಳದಾಳ. ನಮ್ಮ ರೇವಣಸಿದ್ದವ್ವ. ಗಂಡ ಇಲ್ಲ, ಹೇಣ್ತಿ ದುಡದು ಹಾಕ್ತಾಳ, ಈಕಿ ಮನ್ಯಾಗ ಕೂಸ ಆಡಸ್ತಾಳ. ಬರಿ ಉಡ್ಯಾಗ ಕಳಸ್ಬ್ಯಾಡ. ತುಂಬಿ ಕಳಸು!"

ಶಾಮಿಯಾನವೆಲ್ಲ ನಕ್ಕಿತು. ಬಾಲಮ್ಮ ನಗಲಿಲ್ಲ, ಮುಖ ತಿರುಗಿಸಿದಳು. ಹಿಂದಿನಿಂದ ಯಾರೋ, "ಬಳಿನೂ ಇಡಸ್ರಿ, ಹಸರು ಬಳಿ," ಎಂದರು. ಅವನೇನು ಮಾಡುತ್ತಾನೆ ಎಂದು ಎಲ್ಲರೂ ಕಾದರು. ಅವನು ಎದ್ದು ಹೋಗುತ್ತಾನೆ. ಇಲ್ಲವೆ ಮಾವನ ಕೊರಳಪಟ್ಟಿ ಹಿಡಿಯುತ್ತಾನೆ. ಎರಡರಲ್ಲಿ ಯಾವುದು ಮಾಡಿದರೂ ಸೋತ ಹಾಗೆ.

ರೇವಣಸಿದ್ದ ಎದ್ದ. ಭುವಿಯನ್ನು ಸೊಂಟಕ್ಕೆ ಏರಿಸಿಕೊಂಡು ಪಡಸಾಲೆಗೆ ನಡೆದು ಜಮಖಾನದ ಮೇಲೆ ಕೂತ. ಹೆಗಲ ಮೇಲಿನ ಟವಲು ತೆಗೆದು ಮಡಿಲಲ್ಲಿ ಹಾಸಿದ.

"ತುಂಬು ಅತ್ತಿ."

ನಗು ಅರ್ಧಕ್ಕೆ ನಿಂತಿತು.

"ಏ ಬ್ಯಾಡೋ ಮಗನ," ಎಂದಳು ಯಮನಮ್ಮ ಸಣ್ಣ ದನಿಯಲ್ಲಿ. "ನಿಮ್ಮ ಮಾವಗ ಮಾತಿನ ಮ್ಯಾಲ ಹಿಡಿತ ಇಲ್ಲ. ಎದ್ದು ಹೋಗು."

"ಮನಿ ಯಜಮಾನ ಹೇಳ್ಯಾನ. ತುಂಬು. ಬರಿ ಉಡ್ಯಾಗ ಹೋಗೋದಿಲ್ಲ ನಾನು."

ಆಗ ಅವನ ತಲೆಯಲ್ಲಿ ಯಾವ ಉಪಾಯವೂ ಇರಲಿಲ್ಲ. ಎದ್ದು ಹೋಗಬಾರದು ಎಂಬುದಷ್ಟೇ ಇತ್ತು.

ಯಮನಮ್ಮ ಗಂಡನ ಕಡೆ ನೋಡಿದಳು. ಅವನು ಇನ್ನೂ ಹಲ್ಲು ಬಿಡುತ್ತಿದ್ದ. ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಅವಳೂ ಹೇಳಲಾರಳು. ರೇವಣಸಿದ್ದನ ಹಣೆಗೆ ಕುಂಕುಮ ಒತ್ತಿದಳು. ಬೊಗಸೆ ತುಂಬಿ ಅಕ್ಕಿ ಹಾಕಿದಳು. ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಎಲೆ-ಅಡಿಕೆ ಇಟ್ಟು ಮೇಲೆ ಕುಪ್ಪಸದ ಬಟ್ಟೆ ಇಟ್ಟಳು. ಭುವಿ ಉತ್ತತ್ತಿ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಆಗಷ್ಟೇ ಸ್ವಂತ ಹೆಣ್ಣುಮಕ್ಕಳ ಉಡಿ ತುಂಬಿದ ಕೈ ಅದು. ಅದೇ ಓಟದಲ್ಲಿ ಪಕ್ಕದ ಚೀಲಕ್ಕೆ ಹೋಯಿತು, ಚಿಟಿಕೆ ಭಂಡಾರ ತೆಗೆಯಿತು, ಅವನ ಉಡಿಗೆ ಹಾಕಿ, ಉಳಿದದ್ದನ್ನು ಅವನ ಹಣೆಗೆ ಹಚ್ಚಿತು.

ಹಚ್ಚಿದ ಮೇಲೆ ಅವಳು ತನ್ನ ಹಳದಿ ಬೆರಳು ನೋಡಿಕೊಂಡಳು.

ಬೀರದೇವರ ಅರಿಷಿಣವೇ ಭಂಡಾರ. ಮಾಳಿಂಗರಾಯನ ಬೆಡಗಿನವರಲ್ಲಿ, ಅಂದರೆ ಕುಲದವರಲ್ಲಿ, ನೆಂಟರ ಉಡಿಗೆ ಅಕ್ಕಿ-ಕೊಬ್ಬರಿ ಸಾಕು. ಭಂಡಾರ ಮನೆಮಗಳಿಗೆ ಮಾತ್ರ. ತವರಿಲ್ಲದ ಹೆಣ್ಣಿಗೆ ಯಾರಾದರೂ ತವರಾಗಬೇಕಾದರೂ ಹೀಗೆಯೇ, ಉಡಿಗೆ ಭಂಡಾರ ಹಾಕಿ. ಒಮ್ಮೆ ಬಿದ್ದರೆ ತೆಗೆಯುವ ದಾರಿ ಇಲ್ಲ. ಪಡಸಾಲೆಯ ಹೆಂಗಸರಿಗೆ ಮೊದಲು ತಿಳಿಯಿತು. ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ರೇವಣಸಿದ್ದನಿಗೂ ಆ ಕ್ಷಣದಲ್ಲೇ ತಿಳಿಯಿತು. ಅವನು ಟವಲಿನ ನಾಲ್ಕೂ ತುದಿ ಸೇರಿಸಿ ಗಂಟು ಹಾಕಿದ.

ಗಂಡಸರಿಗೆ ಇನ್ನೂ ತಿಳಿದಿರಲಿಲ್ಲ. ಬಾಲಮ್ಮ ಚೀಲ ಹಿಡಿದು ಬಂದಳು. "ಆತೇನು ನಿನ್ನ ನಾಟಕ? ಮಾನ ಕಳದಿ. ಕೂಸ ಕೊಡು. ದೇವದುರ್ಗದ ಬಸ್ಸಿಗಿ ಹೊತ್ತಾತು." ಭುವಿಯ ರಟ್ಟೆ ಹಿಡಿದಳು. ಭುವಿ ಅಪ್ಪನ ಕೊರಳಿಗೆ ಬಿದ್ದಳು.

"ಕೈ ಬಿಡಬೇ," ಎಂದ ರೇವಣಸಿದ್ದ. "ನನ್ನ ತವರಿನವರು ಇಲ್ಲೇ ಅದಾರ. ಅವರನ್ನ ಕೇಳು."

"ಯಾವ ತವರೋ?"

"ಇದ." ಹಣೆ ತೋರಿಸಿದ. "ಮಾವ, ನಿನ್ನ ಮನಿಮಗಳ ಕೂಸನ್ನ ಒಯ್ಯಾಕ ಬಂದಾರ. ನಾಗರತ್ನಾಳ ಅತ್ತಿ ಕೂಸ ಒಯ್ದಾಗ ಕ್ರೂಸರ್ ತುಂಬ ಮಂದಿ ಹಾಕ್ಕೊಂಡು ಹೋಗಿದ್ದಿ. ಇಲ್ಲಿ ನಾಕು ಹೆಜ್ಜಿ ನಡದು ಬಾ. ಸಾಕು."

ಮಾಳಿಂಗರಾಯ ನಕ್ಕ. ಹಣೆಯ ಹಳದಿ ಕಂಡ ಮೇಲೆ ನಗು ಆರಿತು. ಹೆಂಡತಿಯ ಕಡೆ ತಿರುಗಿದ. "ಭಂಡಾರ ಹಾಕೀದೇನಬೇ?"

"ಹಾಕೀನಿ."

"ನಿನಗ ಬುದ್ಧಿ ಅದ ಏನು? ನಾ ಮಸ್ಕಿರಿ ಮಾಡಿದ್ದು!"

"ಉಡಿ ತುಂಬು ಅಂದಿ. ತುಂಬೀನಿ. ಮಸ್ಕಿರಿ ಉಡಿ ಬ್ಯಾರೆ, ಖರೆ ಉಡಿ ಬ್ಯಾರೆ ಅಂತ ನಮ್ಮವ್ವ ನನಗ ಕಲಿಸಿಲ್ಲ."

"ತೆಗಿ ಅದನ್ನ!"

ಯಮನಮ್ಮ ಎದ್ದು ನಿಂತಳು. ಕುಳ್ಳಿ, ದಪ್ಪ ಹೆಂಗಸು. ಮದುವೆಯಾಗಿ ಬಂದಾಗಿನಿಂದ ಗಂಡನ ಎದುರು ಇಷ್ಟು ಮಂದಿಯಲ್ಲಿ ಬಾಯಿ ತೆರೆದವಳಲ್ಲ.

"ಭರಮಪ್ಪ ಕುಡದ ಅಮಲಿನ್ಯಾಗ ಭಂಡಾರ ಮುಟ್ಟಿ ಈ ಟಗರು ನಿಂದ ಅಂತ ಅಳಿಯಗ ಅಂದಿದ್ದ. ಮರುದಿನ ಮಸ್ಕಿರಿ ಅಂತ ಅತ್ತ. ಗುಡ್ಯಾಗ ಕುಂತು ಟಗರು ಬಿಚ್ಚಿಸಿ ಕೊಡಿಸಿದವರು ಯಾರು? ಭಂಡಾರದ ಮ್ಯಾಲ ಮಸ್ಕಿರಿ ಇಲ್ಲ ಅಂದವರು ಯಾರು?"

"ಅಧ್ಯಕ್ಷರು," ಎಂದಿತು ಶಾಮಿಯಾನದಿಂದ ಒಂದು ಗಂಡು ದನಿ. ಭರಮಪ್ಪನೇ ಇರಬೇಕು. ಈ ಸಲ ಎದ್ದ ನಗು ಅಧ್ಯಕ್ಷನ ಮೇಲಿತ್ತು.

ಮಾಳಿಂಗರಾಯ ನಿಂತಲ್ಲೇ ಬೆವರಿದ. ಅಳಿಯನ ಮೇಲೆ ಮಾಡಿದ ಹಾಸ್ಯವನ್ನು ಉಳಿಸಿಕೊಳ್ಳಬೇಕಾದರೆ ಗುಡಿಯಲ್ಲಿ ಇಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಟಗರು ವಾಪಸ್ ಕೇಳಲು ನಾಳೆ ಬೆಳಿಗ್ಗೆ ಭರಮಪ್ಪ ಬರುತ್ತಾನೆ. ಅವನ ಹಿಂದೆ ಇನ್ನೂ ಎಷ್ಟು ಜನವೋ.

"ಬಾಲಮ್ಮ," ಎಂದ ಕೊನೆಗೆ, ತಂಗಿಯ ಮುಖ ನೋಡದೆ. "ಕೂಸ ಅಲ್ಲೇ ಇರ್ಲಿ."

"ಯಣ್ಣಾ! ನೀನ ಕರಿಸಿ, ನೀನ ಹಿಂಗಂತಿ?"

"ಇರ್ಲಿ ಅಂದೆ. ಆಂವ... ಆಕಿ... ಥೂ, ಯಾರರ ಆಗ್ಲಿ. ಕೊಡಾಕ ಒಲ್ಲೆ ಅಂದ ಮ್ಯಾಲ ಒಯ್ಯೋದು ಆಗಂಗಿಲ್ಲ. ನನ್ನ ಮನ್ಯಾಗ ಆಗಂಗಿಲ್ಲ."

"ನಿನ್ನ ಮನ್ಯಾಗ ಅಷ್ಟ ಅಲ್ಲ ಮಾವ," ಎಂದ ರೇವಣಸಿದ್ದ ಕೂತಲ್ಲಿಂದಲೇ. "ರಾಯಚೂರಿಗಿ ಬಂದು ಯಾರರ ಕೂಸ ಕೇಳಿದ್ರೂ ನಾ ನಿನಗ ಫೋನ್ ಹಚ್ಚಾಂವ. ನೀ ಬರಬೇಕು."

"ಬರ್ತಾನ," ಎಂದಳು ಯಮನಮ್ಮ. "ಬರದಿದ್ರ ನಾ ಬರ್ತೀನಿ. ಏಳು, ಉಡಿ ಹಿಡ್ಕೊಂಡು ದೇವರಿಗಿ ಕೈ ಮುಗಿ."

ಅವನು ಕೈ ಮುಗಿದ. ಹೊರಡುವಾಗ ಮಾಳಿಂಗರಾಯ ಅಂಗಳದ ಮೂಲೆಯಲ್ಲಿ ಅಡ್ಡ ಹಾಕಿದ. ದನಿ ತಗ್ಗಿಸಿ, ಹಲ್ಲು ಕಚ್ಚಿ ಹೇಳಿದ. "ನಾಗರಪಂಚಮಿಗಿ ನಿನ್ನ ಕರಿಯಾಕ ಬರ್ತೀನಿ ಅಂತ ತಿಳ್ಕೊಬ್ಯಾಡಲೇ."

"ಬರಬೇಕಲ್ಲ ಮಾವ. ತವರು ಅಂದ ಮ್ಯಾಲ ಉಂಡಿ ಹೊತ್ಕೊಂಡು ಬರಬೇಕು. ಎಳ್ಳುಂಡಿ ನನಗ ಸೇರಂಗಿಲ್ಲ. ಶೇಂಗಾದ್ದು ತಾ."

ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ನಿಂತಿತ್ತು. ಬಾಲಮ್ಮ ಕಿಟಕಿಯ ಪಕ್ಕ ಕೂತಿದ್ದಳು, ಮಡಿಲಲ್ಲಿ ಆ ಚೀಲ. ಹನುಮಂತ್ರಾಯ ಕೆಳಗೆ ನಿಂತು ಬೀಡಿ ಸೇದುತ್ತಿದ್ದ. ಮಗನನ್ನು ಕಂಡು ಬೀಡಿ ಎಸೆದ. ಅಪ್ಪನ ಹಣೆಯಿಂದ ಮೊಮ್ಮಗಳ ಗಲ್ಲಕ್ಕೆ ಹತ್ತಿದ್ದ ಭಂಡಾರವನ್ನು ಹೆಬ್ಬೆರಳಿನಿಂದ ಒರೆಸಿ, ಬಸ್ಸು ಹತ್ತಿದ.

ರೇವಣಸಿದ್ದ ಕಿಟಕಿಯ ಕೆಳಗೆ ನಿಂತ. "ಕೂಸಿನ ಅಂಗಿ ಕೊಡಬೇ."

ಬಾಲಮ್ಮ ಚೀಲದಿಂದ ಎರಡು ಅಂಗಿ ತೆಗೆದು ಕಿಟಕಿಯಿಂದ ಹೊರಗೆ ಚಾಚಿದಳು. ಅವನು ತೆಗೆದುಕೊಂಡ.

"ನಾ ನಿನ್ನ ಮನಿಗಿ ಬರಂಗಿಲ್ಲ ಇನ್ನ."

"ಬರಬ್ಯಾಡ. ನಾವು ಬರ್ತೀವಿ."

"ಮನಿ ಮುಂದ ಮಂದಿ ನಿಂತು ಕಲ್ಲು ಓದ್ತಾರ. ನಿಮ್ಮ ಮಗ ಯಾವ ಠಾಣ್ಯಾಗ ಅದಾನ್ರಿ ಅಂತ ಕೇಳ್ತಾರ. ಏನ್ ಹೇಳ್ಲಿ ನಾನು?"

"ಮನ್ಯಾಗ ಅದಾನ ಅಂತ ಹೇಳು."

"ಏನ್ ಮಾಡಾಕತ್ಯಾನ ಅಂದ್ರ?"

"ಮಗಳನ್ನ ಬೆಳಸಾಕತ್ಯಾನ ಅನ್ನು. ಸಣ್ಣ ದನಿಲೆ ಅನ್ನಬ್ಯಾಡ."

ಬಾಲಮ್ಮ ಕಿಟಕಿಯ ಗಾಜು ಎಳೆದುಕೊಂಡಳು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೊರಟಿತು. ಅವಳು ತಿರುಗಿ ನೋಡಿದಳೋ ಇಲ್ಲವೋ, ಗಾಜಿನ ಮೇಲಿನ ಬಿಸಿಲಿಗೆ ಕಾಣಲಿಲ್ಲ.

ರಾಯಚೂರಿನ ಬಸ್ಸು ಬಂದಿತ್ತು. ಜನ ಬಾಗಿಲಿಗೆ ಮುಗಿಬಿದ್ದಿದ್ದರು. ಅವನು ಒಂದು ಕೈಯಲ್ಲಿ ಉಡಿಯ ಗಂಟು, ಇನ್ನೊಂದರಲ್ಲಿ ಭುವಿಯನ್ನು ಹಿಡಿದು ಮೆಟ್ಟಿಲ ತನಕ ಹೋದ.

"ಅಪ್ಪಾ, ಸೂಸು," ಎಂದಳು ಭುವಿ.

"ಏರ್ರಿ ಯಪ್ಪಾ, ಜಲ್ದಿ ಏರ್ರಿ," ಎಂದು ಕಂಡಕ್ಟರ್ ಒದರಿದ. "ಒಂದು ಸೀಟ್ ಅದ."

"ಹೋಗ್ರಿ ನೀವು," ಎಂದು ರೇವಣಸಿದ್ದ ಅವಳನ್ನು ಇಳಿಸಿಕೊಂಡು ಕಂಪೌಂಡಿನ ಕಡೆ ನಡೆದ.